ಗಾಜಿನ ಪೆಟ್ಟಿಗೆಯಲ್ಲಿ ಹೂಜಿಗಿಡ

ಈಚಿನ ಕೆಲವು ವರ್ಷಗಳಿಂದ ನಮ್ಮ ಪಟ್ಟಣಗಳ ಸಸಿತೋಟಗಳಲ್ಲಿ ಒಂದು ವಿಚಿತ್ರವಾದ ಗಿಡ ಮಾರಾಟಕ್ಕೆ ಬರುತ್ತಿದೆ. ತೂಗುಹಾಕಿದ ಕುಂಡ; ಅದರಿಂದ ಹೊರಚಾಚಿದ ಉದ್ದನೆಯ ಎಲೆಗಳು; ಎಲೆಯ ತುದಿಯಿಂದ ಇಳಿಬಿದ್ದ ಸಣ್ಣ ಬಳ್ಳಿ; ಆ ಬಳ್ಳಿಯ ಕೊನೆಯಲ್ಲಿ ಹಸುರು ಕೆಂಪು ಬೆರೆತ ಒಂದು ಹೂಜಿ. ಹೂಜಿಗೆ ಮೇಲೊಂದು ಮುಚ್ಚಳ, ಒಳಗೆ ಸ್ವಲ್ಪ ನೀರು. ಕೊಂಡು ತಂದವರು ಇದನ್ನು ಪಡಸಾಲೆಯಲ್ಲಿ ತೂಗುಹಾಕಿ ಬಂದವರಿಗೆಲ್ಲ ತೋರಿಸುತ್ತಾರೆ. ತಿಂಗಳು ಕಳೆಯುವುದರೊಳಗೆ ಹೂಜಿಗಳು ಒಂದೊಂದಾಗಿ ಒಣಗತೊಡಗುತ್ತವೆ. ಹೊಸ ಎಲೆಗಳೇನೋ ಬರುತ್ತವೆ, ಎಲೆಯ ತುದಿಯಲ್ಲಿ ಬಳ್ಳಿಯೂ ಮೂಡುತ್ತದೆ; ಆದರೆ ಬಳ್ಳಿಯ ತುದಿ ಕಪ್ಪಾಗಿ ಮುರುಟಿಹೋಗುತ್ತದೆ, ಹೂಜಿಯಾಗುವುದಿಲ್ಲ. ಗಿಡಕ್ಕೆ ಶಕ್ತಿ ಸಾಲದೆಂದು ಭಾವಿಸಿ ಮನೆಯವರು ಗೊಬ್ಬರ ಹಾಕುತ್ತಾರೆ. ಗಿಡ ಇನ್ನಷ್ಟು ಕೆಡುತ್ತದೆ.

ಇಲ್ಲಿ ನಡೆದುದೇನು? ಈ ಪ್ರಶ್ನೆಯ ಉತ್ತರದಲ್ಲಿ ಅರ್ಧ ಸಸ್ಯಶಾಸ್ತ್ರಕ್ಕೆ ಸೇರಿದ್ದು, ಅರ್ಧ ಭೌತವಿಜ್ಞಾನಕ್ಕೆ ಸೇರಿದ್ದು. ಭೌತವಿಜ್ಞಾನವನ್ನು ಪಾಠ ಹೇಳುವವನಾದುದರಿಂದ ನಾನು ಎರಡನೆಯ ಅರ್ಧದ ಕಡೆಗೆ ಸ್ವಲ್ಪ ಹೆಚ್ಚಾಗಿ ವಾಲಿದರೆ ವಾಚಕರು ಮನ್ನಿಸಬೇಕು.

ಈ ಗಿಡಗಳ ಕುಲಕ್ಕೆ ನೆಪೆಂಥಿಸ್ ಎಂದು ಹೆಸರು. ಇದರಲ್ಲಿ ನೂರೈವತ್ತಕ್ಕೂ ಮಿಕ್ಕಿದ ಜಾತಿಗಳುಂಟು. ಬೋರ್ನಿಯೋ, ಸುಮಾತ್ರ, ಫಿಲಿಪೀನ್ಸ್ ದ್ವೀಪಗಳೇ ಇವುಗಳ ಮುಖ್ಯವಾದ ತವರು. ಪಶ್ಚಿಮಕ್ಕೆ ಮಡಗಾಸ್ಕರಿನವರೆಗೂ ಪೂರ್ವಕ್ಕೆ ನ್ಯೂ ಕ್ಯಾಲಿಡೋನಿಯದವರೆಗೂ ಅಲ್ಲಲ್ಲಿ ಹರಡಿಕೊಂಡಿವೆ. ಯುರೋಪಿಯನರಲ್ಲಿ ಇದನ್ನು ಮೊದಲು ವರ್ಣಿಸಿದವನು ಫ್ರೆಂಚ್ ಅಧಿಕಾರಿ ಫ್ಲಾಕೂರ್. ಮಡಗಾಸ್ಕರನ್ನು ಕುರಿತ ಆತನ ಗ್ರಂಥ ಅಚ್ಚಾದುದು ೧೬೫೮ರಲ್ಲಿ. ಹೆಸರಿಟ್ಟವನು ಲಿನೇಯಸ್. ಗ್ರೀಕರ ಒಡಿಸ್ಸಿ ಕಾವ್ಯದಲ್ಲಿ ಹೆಲೆನ್ ಎಂಬಾಕೆ ದುಃಖವನ್ನು ಮರೆಸುವ ಒಂದು ಔಷಧವನ್ನು ಮದ್ಯದಲ್ಲಿ ಬೆರೆಸಿಕೊಡುತ್ತಾಳೆ. ಅದರ ಹೆಸರೇ ನೆಪೆಂಥೆ. ದೀರ್ಘ ಪ್ರಯಾಣದಿಂದ ಬಳಲಿದ ಸಸ್ಯಶಾಸ್ತ್ರಜ್ಞನಿಗೆ ಈ ಗಿಡದ ದರ್ಶನವಾದರೆ ದಣಿವೆಲ್ಲ ಮರೆತುಹೋಗುವುದೆಂಬುದು ಲಿನೇಯಸನ ಭಾವನೆ. ಹೂಜಿಯೊಳಕ್ಕೆ ಬಿದ್ದ ಇರುವೆಯ ಅಭಿಪ್ರಾಯ ಬೇರೆಯಾಗಿದ್ದೀತು.

ನಮ್ಮ ದೇಶದಲ್ಲಿ ಸಹಜವಾಗಿ ಬೆಳೆಯುವ ಹೂಜಿಗಿಡ ಒಂದೇ ಒಂದು: ಮೇಘಾಲಯದ ಖಾಸಿ, ಗಾರೋ, ಜೈಂತಿಯಾ ಬೆಟ್ಟಗಳ ನೆಪೆಂಥಿಸ್ ಖಾಸಿಯಾನ. ಗಾರೋ ಜನರು ಇದನ್ನು ಮೇಮಂಗ್ ಕೋಕ್ಸಿ ಎಂದು ಕರೆಯುತ್ತಾರೆ. ದೆವ್ವದ ಬುಟ್ಟಿ ಎಂದು ಅದರ ಅರ್ಥ. ಕರ್ನಾಟಕದ ಕಾಡುಗಳಲ್ಲಿ ಹೂಜಿಗಿಡವಿಲ್ಲ. ಕೀಟಗಳನ್ನು ಹಿಡಿಯುವ ಬೇರೆ ಗಿಡಗಳು, ಎಂದರೆ ಅಂಟುಹನಿಗಳ ಡ್ರೊಸೆರವೂ ಗುಳ್ಳೆಗಳ ಯುಟ್ರಿಕ್ಯುಲೇರಿಯವೂ, ಪಶ್ಚಿಮ ಘಟ್ಟಗಳ ಜೌಗುಗಳಲ್ಲಿ ಮಳೆಗಾಲದ ಕೊನೆಯಲ್ಲಿ ನೋಡಸಿಗುತ್ತವೆ.

ಹೂಜಿಯೆಂಬುದು ಹೂವಲ್ಲ, ಎಲೆಯ ತುದಿಯೇ ಹಾಗೆ ಮಾರ್ಪಟ್ಟಿದೆ. ಅದು ಕೀಟಗಳನ್ನು ಹಿಡಿದು ಜೀರ್ಣಿಸುತ್ತದೆಯೆಂಬುದನ್ನು ಜೋಸೆಫ್ ಹೂಕರ್ ೧೮೭೪ರಲ್ಲಿ ಬೆಲ್‌ಫಾಸ್ಟಿನಲ್ಲಿ ನಡೆದ ಬ್ರಿಟಿಷ್ ಅಸೋಸಿಯೇಷನ್ನಿನ ಸಭೆಯಲ್ಲಿ ಪ್ರಯೋಗಪೂರ್ವಕವಾಗಿ ವಿವರಿಸಿದನು. ಮೊಟ್ಟೆಯ ಬಿಳಿಯನ್ನೂ ಮಾಂಸದ ಚೂರುಗಳನ್ನೂ ಹೂಜಿಗಳಿಗೆ ಹಾಕಿ ಅವು ಕರಗುವುದನ್ನು ಆತ ನೋಡಿದ್ದನು. ಮರುವರ್ಷವೇ ಡಾರ್ವಿನ್ನನ ಕೀಟಾಹಾರಿ ಸಸ್ಯಗಳ ಗ್ರಂಥ ಹೊರಬಂದಿತು. ಆದರೆ ಕೀಟ ಒಳಕ್ಕೆ ಬೀಳುವುದು ಹೇಗೆ ಎಂಬುದು ಇನ್ನೂ ನೂರಮೂವತ್ತು ವರ್ಷಗಳ ಕಾಲ ಸರಿಯಾಗಿ ತಿಳಿಯಲಿಲ್ಲ. ಹೂಜಿಯ ಒಳಗೋಡೆಯ ಮೇಣದ ಪುಡಿಯಿಂದ ಕಾಲು ಜಾರುತ್ತದೆಂದು ಎಲ್ಲರೂ ಹೇಳುತ್ತಿದ್ದರು. ಅದು ಸುಳ್ಳಲ್ಲ, ಆದರೆ ಮೇಣವಿಲ್ಲದ ಹೂಜಿಗಳೂ ಚೆನ್ನಾಗಿಯೇ ಬೇಟೆಯಾಡುತ್ತವೆ.

೨೦೦೪ರಲ್ಲಿ ಬೋನ್ ಮತ್ತು ಫೆಡರ್ಲೆ ಎಂಬ ವಿಜ್ಞಾನಿಗಳು ಬೋರ್ನಿಯೋದ ಒಂದು ಜಾತಿಯನ್ನು ಪರೀಕ್ಷಿಸಿ, ಮರ್ಮವಿರುವುದು ಹೂಜಿಯ ಬಾಯಂಚಿನಲ್ಲಿ ಎಂದು ತೋರಿಸಿದರು. ಈ ಅಂಚು ಹೊರಕ್ಕೆ ಮಡಿಸಿಕೊಂಡು ಕೊರಳಪಟ್ಟಿಯಂತಿರುತ್ತದೆ. ಅದರ ಮೇಲೆ ಒಂದರ ಪಕ್ಕದಲ್ಲೊಂದರಂತೆ ಸೂಕ್ಷ್ಮವಾದ ಏಣುಗಳು. ಏಣುಗಳ ಮೇಲೆ, ಮನೆಯ ಹೆಂಚುಗಳಂತೆ ಒಂದರ ಮೇಲೊಂದು ಚಾಚಿಕೊಂಡು ಒಳಮುಖವಾಗಿ ಮೆಟ್ಟಿಲಾಗಿರುವ ಜೀವಕೋಶಗಳು. ಈ ಮೈಗೆ ನೀರೆಂದರೆ ಬಲು ಪ್ರೀತಿ. ಕೆಸುವಿನ ಎಲೆಯ ಮೇಲೆ ನೀರು ಮುತ್ತಾಗಿ ಉರುಳುತ್ತದಲ್ಲವೆ? ಇಲ್ಲಿ ಅದಕ್ಕೆ ತೀರ ವಿರುದ್ಧ: ಬಿದ್ದ ಹನಿ ಕ್ಷಣದಲ್ಲಿ ಹರಡಿ ತೆಳ್ಳನೆಯ ಪೊರೆಯಾಗುತ್ತದೆ. ಇರುವೆಯ ಪಾದದಲ್ಲಿ ಮೆತ್ತನೆಯ ಅಂಟುಗದ್ದಿಗೆಯಿದೆ. ಗಾಜಿನ ಮೇಲೆ ಅದು ನಡೆಯುವುದು ಇದರ ಬಲದಿಂದ. ನೀರಿನ ಪೊರೆಯ ಮೇಲೆ ಈ ಗದ್ದಿಗೆ ನೆಲಕ್ಕೆ ತಾಕುವುದೇ ಇಲ್ಲ. ಮಳೆ ನಿಂತ ರಸ್ತೆಯಲ್ಲಿ ವೇಗವಾಗಿ ಹೋಗುವ ಮೋಟಾರಿನ ಚಕ್ರದಂತೆ ತೇಲಿಬಿಡುತ್ತದೆ. ಉಗುರು ಹಾಕಿ ಹಿಡಿದುಕೊಳ್ಳೋಣವೆಂದರೆ ಮೆಟ್ಟಿಲುಗಳೆಲ್ಲ ಒಳಮುಖ. ಆದುದರಿಂದ ಒದ್ದೆಯಾದ ಅಂಚಿನ ಮೇಲೆ ಕಾಲಿಟ್ಟ ಇರುವೆಗಳಲ್ಲಿ ಬಹುಪಾಲು ಜಾರಿ ಬೀಳುತ್ತವೆ. ಅಂಚು ಒಣಗಿದ್ದರೆ ಅದೇ ಇರುವೆಗಳು ಸುಖವಾಗಿ ಓಡಾಡಿಕೊಂಡು ಮಕರಂದ ಹೀರಿ ಹೊರಟುಹೋಗುತ್ತವೆ!

ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ. ಮಳೆಯಿಲ್ಲದ ಹೊತ್ತಿನಲ್ಲಿಯೂ ಅಂಚು ಒದ್ದೆಯಾಗುವುದು ಹೇಗೆಂದರೆ, ಅಲ್ಲಿ ಜಿನುಗುವ ಮಕರಂದದ ಸಕ್ಕರೆ ಗಾಳಿಯ ತೇವವನ್ನು ತಾನೇ ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಡಬ್ಬದ ಮುಚ್ಚಳ ಸಡಿಲವಾಗಿದ್ದರೆ ಬೆಲ್ಲ ನೀರೊಡೆಯುವುದನ್ನು ನೋಡದವರಾರು? ಆದರೆ ಗಾಳಿಯಲ್ಲಿ ತೇವ ಸಾಕಷ್ಟಿರಬೇಕು. ದಿನದ ಒಂದು ಭಾಗ ಅಂಚು ಒಣಗಿರುವುದೂ ಗಿಡಕ್ಕೆ ನಷ್ಟವಲ್ಲ. ಆಗ ಬಂದ ಒಂದು ಇರುವೆ ಮಕರಂದವನ್ನು ಕಂಡುಕೊಂಡು ಗೂಡಿಗೆ ಹೋಗಿ ಬಳಗವನ್ನೆಲ್ಲ ಕರೆತರುತ್ತದೆ. ಅಷ್ಟರಲ್ಲಿ ಅಂಚು ಒದ್ದೆಯಾಗಿದ್ದರೆ ಇಡೀ ಬಳಗವೇ ಬಲಿ. ಒಳಗಿನ ದ್ರವವೂ ಕೆಲವು ಜಾತಿಗಳಲ್ಲಿ ಬರಿಯ ನೀರಲ್ಲ. ಬೆಂಡೆಯ ಲೋಳೆಯಂತೆ ಅದು ಎಳೆಯೆಳೆಯಾಗಿ ಹಿಗ್ಗುತ್ತದೆ. ಕೀಟ ಕಾಲು ಬಡಿದಷ್ಟೂ ಹೆಚ್ಚು ಸಿಕ್ಕಿಕೊಳ್ಳುತ್ತದೆ. ಮಳೆನೀರು ಸೇರಿ ಬಹಳ ತೆಳ್ಳಗಾದರೂ ಈ ಗುಣ ಉಳಿಯುತ್ತದೆಂದು ೨೦೦೭ರಲ್ಲಿ ತಿಳಿದುಬಂದಿತು. ಈ ಬಾಯಂಚಿನಿಂದ ಕಲಿತ ಪಾಠವನ್ನು ಹಾರ್ವರ್ಡ್ ವಿಶ್ವವಿದ್ಯಾನಿಲಯದವರು ೨೦೧೧ರಲ್ಲಿ ಕೃತಕವಾಗಿ ಬಳಸಿ, ರಕ್ತ, ಎಣ್ಣೆ, ಮಂಜುಗಡ್ಡೆ ಯಾವುದೂ ಅಂಟಿಕೊಳ್ಳದಂಥ ಮೇಲ್ಮೈಗಳನ್ನು ಮಾಡಿದರು.

ಎಲ್ಲ ಹೂಜಿಗಳಿಗೂ ಕೀಟವೇ ಆಹಾರವೆಂದಲ್ಲ. ಒಂದು ಜಾತಿ ಮೇಲಿನ ಮರಗಳಿಂದ ಉದುರಿದ ತರಗೆಲೆಗಳನ್ನು ಹಿಡಿದು ಕೊಳೆಸಿಕೊಳ್ಳುತ್ತದೆ. ಇನ್ನೊಂದರ ಹೂಜಿಯಲ್ಲಿ ಬಾವಲಿಗಳು ಹಗಲಿನಲ್ಲಿ ಮಲಗುತ್ತವೆ. ಅವುಗಳ ಹಿಕ್ಕೆಯೇ ಬಾಡಿಗೆ. ಕಿನಬಾಲು ಪರ್ವತದ ರಾಜಾ ಎಂಬ ಜಾತಿಯ ಹೂಜಿಯಲ್ಲಿ ಲೀಟರುಗಟ್ಟಲೆ ನೀರು ಹಿಡಿಯುತ್ತದೆ. ೧೮೫೮ರಲ್ಲಿ ಆ ಪರ್ವತವನ್ನೇರಿದ ಸ್ಪೆನ್ಸರ್ ಸೇಂಟ್ ಜಾನ್ ಇಂಥದೊಂದರಲ್ಲಿ ಮುಳುಗಿ ಸತ್ತ ಇಲಿಯನ್ನು ಕಂಡುದಾಗಿ ಬರೆದಿದ್ದಾನೆ.

ಗಿಡಕ್ಕೆ ಇಷ್ಟೆಲ್ಲ ಉಪಾಯ ಏಕೆ ಬೇಕಾಯಿತು? ಇದು ಬೆಳೆಯುವ ನೆಲ ಬಹಳ ಬಡವಾದುದು. ದಿನವೂ ಸುರಿಯುವ ಮಳೆಯಿಂದ ಸಾರವೆಲ್ಲ ತೊಳೆದುಹೋದ ಮರಳು, ಜೌಗು, ಇಲ್ಲವೆ ಮರದ ಮೇಲಿನ ಹಾವಸೆ; ಸಾರಜನಕವೂ ರಂಜಕವೂ ಅಲ್ಲಿ ದುರ್ಲಭ. ಅವನ್ನು ಕೀಟಗಳ ದೇಹದಿಂದ ಪಡೆಯುವುದಕ್ಕಾಗಿ ಎಲೆಯ ಒಂದು ಭಾಗವನ್ನು ಹೂಜಿಯಾಗಿ ಮಾಡಬೇಕು. ಇದು ದುಬಾರಿಯ ವ್ಯವಹಾರ. ಬಿಸಿಲಿನಲ್ಲಿ ಆಹಾರ ತಯಾರಿಸುವ ಕೆಲಸದಲ್ಲಿ ಹೂಜಿ ಎಲೆಯಷ್ಟು ಸಮರ್ಥವಲ್ಲ. ಅದನ್ನು ಕಟ್ಟಲು ಬೇಕಾದ ಸಕ್ಕರೆಯನ್ನು ಎಲೆಯೇ ಒದಗಿಸಬೇಕು. ಆದುದರಿಂದ ಬೆಳಕು ಸಾಲದಿದ್ದರೆ ಗಿಡ ಹೂಜಿಯನ್ನು ಕಟ್ಟುವುದಿಲ್ಲ. ಬೇರಿನಲ್ಲಿಯೇ ಸಾರಜನಕ ಧಾರಾಳವಾಗಿ ಸಿಕ್ಕರೆ ಕಟ್ಟುವ ಅಗತ್ಯವೂ ಕಡಮೆಯಾಗುತ್ತದೆ. ಗೊಬ್ಬರ ಹಾಕಿದವರು ಗಿಡಕ್ಕೆ ಮಾಡಿದುದು ಉಪಕಾರವಲ್ಲವೆಂಬುದು ಈಗ ಸ್ಪಷ್ಟವಾಯಿತಷ್ಟೆ. ಬಡನೆಲಕ್ಕೆ ಒಗ್ಗಿದ ಆ ಎಳೆಯ ಬೇರುಗಳನ್ನು ಲವಣಗಳು ಸುಟ್ಟುಬಿಡುವುದೂ ಉಂಟು.

ಇನ್ನು ಗಾಳಿಯ ತೇವ. ಒಂದು ಘನಮೀಟರು ಗಾಳಿ ೩೦ ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಹೆಚ್ಚೆಂದರೆ ೩೦.೪ ಗ್ರಾಂ ನೀರಾವಿಯನ್ನು ಹಿಡಿದುಕೊಳ್ಳಬಲ್ಲುದು. ೨೫ ಡಿಗ್ರಿಯಲ್ಲಿ ೨೩ ಗ್ರಾಂ. ೨೦ ಡಿಗ್ರಿಯಲ್ಲಿ ೧೭.೩ ಗ್ರಾಂ. ಇರುವ ಆವಿಗೂ ಇರಬಹುದಾದ ಆವಿಗೂ ಇರುವ ಪ್ರಮಾಣವೇ ಸಾಪೇಕ್ಷ ಆರ್ದ್ರತೆ. ೨೦ ಡಿಗ್ರಿಯಲ್ಲಿ ಆವಿಯಿಂದ ಸಂತೃಪ್ತವಾದ ಗಾಳಿಯನ್ನು ಒಂದು ಪಾತ್ರೆಯಲ್ಲಿ ಮುಚ್ಚಿ ೩೦ ಡಿಗ್ರಿಗೆ ಕಾಯಿಸಿದರೆ, ಒಂದು ಹನಿಯೂ ಹೊರಗೆ ಹೋಗದಿದ್ದರೂ ಆರ್ದ್ರತೆ ನೂರರಿಂದ ೫೭ಕ್ಕೆ ಇಳಿಯುತ್ತದೆ. ಎಲೆಗೆ ಸಂಬಂಧಪಟ್ಟುದು ಇದೇ. ಎಲೆಯೊಳಗಿನ ಗಾಳಿ ಹೆಚ್ಚುಕಡಮೆ ಸಂತೃಪ್ತ. ಹೊರಗೆ ಕೊರತೆಯಿದ್ದಷ್ಟೂ ನೀರು ಹೊರಕ್ಕೆ ಓಡುತ್ತದೆ. ಹೂಜಿಯಾಗಬೇಕಾದ ಎಳೆಯ ಮೊಗ್ಗು ಎಲೆಯ ಕೊನೆಯಲ್ಲಿ, ಬೇರಿಗೆ ಅತ್ಯಂತ ದೂರದಲ್ಲಿ, ತೆಳ್ಳನೆಯ ಬಳ್ಳಿಯೊಂದರ ಆಧಾರದಿಂದ ತೂಗುತ್ತಿದೆ. ನೀರಿನ ಕೊರತೆಯುಂಟಾದಾಗ ಮೊದಲು ಸಾಯುವುದು ಅದೇ. ಪಡಸಾಲೆಯ ಗಿಡದಲ್ಲಿ ಬಳ್ಳಿಯ ತುದಿ ಕಪ್ಪಾದುದಕ್ಕೆ ಇದೇ ಮುಖ್ಯವಾದ ಕಾರಣ.

ಹಾಗಾದರೆ ದಿನಕ್ಕೆ ನಾಲ್ಕಾರು ಸಲ ಗಿಡಕ್ಕೆ ನೀರು ಚಿಮುಕಿಸಿದರೆ ಸಾಲದೆ? ಲೆಕ್ಕ ಮಾಡಿ ನೋಡೋಣ. ನಾಲ್ಕು ಮೀಟರು ಉದ್ದ, ಮೂರು ಮೀಟರು ಅಗಲ, ಮೂರು ಮೀಟರು ಎತ್ತರದ ಕೋಣೆ. ಉಷ್ಣತೆ ೨೫ ಡಿಗ್ರಿ, ಆರ್ದ್ರತೆ ೫೦. ಇದನ್ನು ೮೦ಕ್ಕೆ ಏರಿಸಲು ಪ್ರತಿ ಘನಮೀಟರಿಗೂ ೬.೯ ಗ್ರಾಂ ಆವಿ ಬೇಕು. ೩೬ ಘನಮೀಟರಿಗೆ ಸುಮಾರು ಕಾಲು ಲೀಟರು ನೀರು. ಕಿಟಕಿ ತೆರೆದ ಕೋಣೆಯ ಗಾಳಿ ಗಂಟೆಗೆ ಹಲವು ಸಲ ಪೂರ್ತಿ ಬದಲಾಗುವುದರಿಂದ ಗಂಟೆಗೆ ಒಂದೆರಡು ಲೀಟರು ನೀರನ್ನು ಆವಿಮಾಡುತ್ತಲೇ ಇರಬೇಕು. ಚಿಮುಕಿಸಿದ ಹತ್ತು ಗ್ರಾಂ ನೀರು ಐದು ನಿಮಿಷ ಎಲೆಯನ್ನು ಒದ್ದೆಮಾಡೀತು, ಅಷ್ಟೆ.

ಈಗ ಗಿಡದ ಸುತ್ತ ೬೦ ಸೆಂಟಿಮೀಟರು ಉದ್ದ, ೪೦ ಅಗಲ, ೫೦ ಎತ್ತರದ ಗಾಜಿನ ಪೆಟ್ಟಿಗೆಯೊಂದನ್ನು ನಿಲ್ಲಿಸೋಣ. ಮೀನು ಸಾಕುವ ತೊಟ್ಟಿಯೇ ಸಾಕು. ಗಿಡ ಬೆಳೆಸುವುದಕ್ಕಾದರೆ ಇದನ್ನು ಟೆರೇರಿಯಮ್ ಎನ್ನುತ್ತಾರೆ. ಒಳಗಿನ ಗಾಳಿ ೧೨೦ ಲೀಟರು. ೩೦ ಡಿಗ್ರಿಯಲ್ಲಿ ಅದು ಪೂರ್ತಿ ಸಂತೃಪ್ತವಾದರೂ ಅದರಲ್ಲಿರುವ ನೀರು ಮೂರೂಮುಕ್ಕಾಲು ಗ್ರಾಮಿಗೂ ಕಡಮೆ. ಒಂದು ಸಣ್ಣ ಚಮಚ ತುಂಬುವುದಿಲ್ಲ! ಮುಚ್ಚಳದ ಸಂದಿನಿಂದ ಗಂಟೆಗೊಮ್ಮೆ ಒಳಗಿನ ಗಾಳಿಯೆಲ್ಲ ಬದಲಾಗುತ್ತದೆಂದು ಭಾವಿಸಿದರೂ, ಮೇಲಿನ ಲೆಕ್ಕದಂತೆ ನಷ್ಟವಾಗುವುದು ಗಂಟೆಗೆ ೦.೮ ಗ್ರಾಂ, ದಿನಕ್ಕೆ ೨೦ ಗ್ರಾಂ. ತಳದ ಒದ್ದೆ ಹಾವಸೆ ಇಷ್ಟನ್ನು ಅನಾಯಾಸವಾಗಿ ಒದಗಿಸುತ್ತದೆ. ಪೆಟ್ಟಿಗೆ ನೀರನ್ನು ಕೂಡಿಡುವುದಿಲ್ಲ. ಅದು ಗಾಳಿಯ ಸಂಚಾರಕ್ಕೆ ಲಗಾಮು ಹಾಕುತ್ತದೆ.

ಈ ಪೆಟ್ಟಿಗೆಯ ಗುಣವನ್ನು ಜಗತ್ತಿಗೆ ತಿಳಿಸಿದವನು ಲಂಡನ್ನಿನ ವೈದ್ಯ ನೆಥೇನಿಯಲ್ ವಾರ್ಡ್. ೧೮೨೯ರಲ್ಲಿ ಆತ ಒಂದು ಪತಂಗದ ಕೋಶವನ್ನು ತೇವದ ಮಣ್ಣಿನಲ್ಲಿಟ್ಟು, ಸೀಸೆಯಲ್ಲಿ ಮುಚ್ಚಿ, ಪತಂಗ ಹೊರಬರುವುದನ್ನು ಕಾಯುತ್ತಿದ್ದನು. ಮಣ್ಣಿನಲ್ಲಿ ಒಂದು ಜರಿಗಿಡವೂ ಒಂದು ಹುಲ್ಲೂ ಮೊಳೆತವು. ಲಂಡನ್ನಿನ ಹೊಗೆಯಲ್ಲಿ ಆತ ಪ್ರೀತಿಯಿಂದ ನೆಟ್ಟ ಜರಿಗಿಡಗಳೆಲ್ಲ ಸತ್ತಿದ್ದುವು. ಸೀಸೆಯ ಜರಿ ಮಾತ್ರ ವರ್ಷಗಟ್ಟಲೆ ಬದುಕಿತು. ೧೮೩೩ರಲ್ಲಿ ಗಾಜಿನ ಪೆಟ್ಟಿಗೆಗಳಲ್ಲಿ ಗಿಡಗಳನ್ನು ತುಂಬಿ ಸಿಡ್ನಿಗೆ ಹಡಗಿನಲ್ಲಿ ಕಳುಹಿಸಿದನು. ತಿಂಗಳುಗಳ ಪ್ರಯಾಣದ ಅನಂತರ ಅವು ಹಸುರಾಗಿಯೇ ತಲಪಿದುವು. ಮುಂದೆ ಚೀನದ ಚಹಾ ಸಸಿಗಳು ಹಿಮಾಲಯದ ತಪ್ಪಲಿಗೂ, ದಕ್ಷಿಣ ಅಮೆರಿಕದ ಸಿಂಕೋನ ನೀಲಗಿರಿಗೂ, ೧೮೭೬ರಲ್ಲಿ ರಬ್ಬರು ಸಿಲೋನಿಗೂ ಪ್ರಯಾಣ ಮಾಡಿದುದು ವಾರ್ಡನ ಪೆಟ್ಟಿಗೆಗಳಲ್ಲಿಯೇ. ಸಾಮ್ರಾಜ್ಯಗಳ ಬೊಕ್ಕಸ ತುಂಬಿದ ಈ ಸಾಧನ ಹುಟ್ಟಿದುದು ಪತಂಗ ಕಾಯುತ್ತ ಕುಳಿತವನ ಸೀಸೆಯಲ್ಲಿ.

ಪೆಟ್ಟಿಗೆಯೊಳಗಿನ ಆರ್ದ್ರತೆ ಎಷ್ಟಿದೆಯೆಂದು ತಿಳಿಯಲು ಗಾಜನ್ನೇ ಕೇಳಬಹುದು. ಒಳಗಿನ ಗಾಳಿ ೨೫ ಡಿಗ್ರಿ, ಗಾಜು ೨೦ ಡಿಗ್ರಿಯಿದ್ದು ಗಾಜಿನ ಮೇಲೆ ಹನಿ ಕಟ್ಟಿದ್ದರೆ, ಒಳಗಿನ ಗಾಳಿಯ ತುಷಾರಬಿಂದು ೨೦ಕ್ಕಿಂತ ಕಡಮೆಯಲ್ಲವೆಂದಾಯಿತು. ಎಂದರೆ ಆರ್ದ್ರತೆ ಸುಮಾರು ೭೫ಕ್ಕೆ ಕಡಮೆಯಿಲ್ಲ. ಚಳಿಗಾಲದ ರಾತ್ರಿ ಗಾಜು ಇನ್ನೂ ತಣ್ಣಗಾದಾಗ ಹೆಚ್ಚಿನ ಆವಿಯೆಲ್ಲ ಅದರ ಮೇಲೆಯೇ ಹೋಗಿ ಕೂರುತ್ತದೆ. ಎಷ್ಟು ನೀರು ಚಿಮುಕಿಸಿದರೂ ಒಳಗಿನ ಆರ್ದ್ರತೆ ಗಾಜು ಗೊತ್ತುಮಾಡಿದ ಮಿತಿಯನ್ನು ಹೆಚ್ಚಾಗಿ ದಾಟಲಾರದು. ಅಂಗಡಿಯಲ್ಲಿ ಸಿಕ್ಕುವ ಅಗ್ಗದ ಆರ್ದ್ರತಾಮಾಪಕಗಳನ್ನು ನಂಬುವುದಕ್ಕೆ ಮುಂಚೆ ಒಮ್ಮೆ ಪರೀಕ್ಷಿಸಬೇಕು. ಬಟ್ಟಲಿನಲ್ಲಿ ಅಡಿಗೆಯ ಉಪ್ಪನ್ನು ಹಾಕಿ, ಕರಗಿ ನೀರಾಗದೆ ಕೆಸರಿನಂತಾಗುವಷ್ಟು ಮಾತ್ರ ನೀರು ಸೇರಿಸಿ, ಮಾಪಕದೊಡನೆ ಬಿಗಿಯಾದ ಡಬ್ಬದಲ್ಲಿ ಮುಚ್ಚಿಡಿ. ಸಂತೃಪ್ತವಾದ ಉಪ್ಪಿನ ದ್ರಾವಣದ ಮೇಲಿನ ಗಾಳಿಯ ಆರ್ದ್ರತೆ ೨೫ ಡಿಗ್ರಿಯಲ್ಲಿ ೭೫ಕ್ಕೆ ನಿಲ್ಲುತ್ತದೆ. ಮರುದಿನ ಮಾಪಕ ೬೮ ತೋರಿಸಿದರೆ, ಆ ಸುತ್ತಿನ ಅಳತೆಗಳಿಗೆಲ್ಲ ಏಳನ್ನು ಕೂಡಿಸಿಕೊಂಡರಾಯಿತು. ಹೂಜಿಗಿಡಕ್ಕೆ ಹಗಲಿನಲ್ಲಿ ೭೦, ರಾತ್ರಿ ೮೫ರಿಂದ ೯೦ ಇದ್ದರೆ ಹೇರಳವಾಯಿತು.

ನೂರಕ್ಕೆ ನೂರು ಬೇಡವೆ? ಬೇಡ. ಪೂರ್ತಿ ಮುಚ್ಚಿದ ಪೆಟ್ಟಿಗೆಯಲ್ಲಿ ಎರಡು ತೊಂದರೆಗಳುಂಟು. ೧೨೦ ಲೀಟರು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡು ಸುಮಾರು ೦.೦೯ ಗ್ರಾಂ ಮಾತ್ರ. ಅದನ್ನೆಲ್ಲ ಬಳಸಿದರೂ ಗಿಡ ತಯಾರಿಸಬಲ್ಲ ಸಕ್ಕರೆ ೦.೦೬ ಗ್ರಾಂ. ರಾತ್ರಿಯ ಉಸಿರಾಟದಿಂದಲೂ ಮಣ್ಣಿನಿಂದಲೂ ಅದು ಮರಳಿ ಬರಬೇಕು. ವಾರ್ಡನ ಜರಿಗಿಡ ಬದುಕುವುದಕ್ಕೆ ಇಷ್ಟು ಸಾಕಾಯಿತು. ಹೂಜಿ ಕಟ್ಟುವ ಗಿಡಕ್ಕೆ ಸಾಲದು. ಎರಡನೆಯದಾಗಿ, ಅಲುಗದೆ ನಿಂತ ತೇವದ ಗಾಳಿ ಬೂಷ್ಟಿಗೆ ಸ್ವರ್ಗ. ಮುಚ್ಚಳವನ್ನು ಎರಡು ಬೆರಳಿನಷ್ಟು ಸರಿಸಿಟ್ಟು, ಗಣಕಯಂತ್ರಗಳಲ್ಲಿರುವಂಥ ಸಣ್ಣ ಫ್ಯಾನನ್ನು ಒಳಗೆ ನಿಧಾನವಾಗಿ ತಿರುಗಿಸುವುದು ಮೇಲು. ೧೨ ವೋಲ್ಟಿನ ಫ್ಯಾನಿಗೆ ೬ ವೋಲ್ಟು ಕೊಟ್ಟರೆ ಸಾಕು. ಎಲೆ ನಡುಗಬಾರದು, ಗಾಳಿ ಮಾತ್ರ ಅಲುಗಬೇಕು.

ಗಾಜಿನ ಪೆಟ್ಟಿಗೆಯನ್ನು ಕಿಟಕಿಯ ನೇರ ಬಿಸಿಲಿನಲ್ಲಿಡುವುದು ಗಿಡವನ್ನು ಬೇಯಿಸಿದಂತೆ. ನಡುಹಗಲಿನ ಬಿಸಿಲು ನೇರವಾಗಿ ಬಿದ್ದಾಗ ಚದರಮೀಟರಿಗೆ ಸುಮಾರು ೧೦೦೦ ವ್ಯಾಟ್. ನಮ್ಮ ಪೆಟ್ಟಿಗೆಯ ಎದುರುಗಾಜಿನ ವಿಸ್ತಾರ ೦.೩ ಚದರಮೀಟರು. ಬಿಸಿಲು ಓರೆಯಾಗಿ ಬಿದ್ದರೂ ನೂರಾರು ವ್ಯಾಟ್ ಒಳನುಗ್ಗುತ್ತದೆ. ಒಳಗಿನ ಗಾಳಿಯನ್ನು ಒಂದು ಡಿಗ್ರಿ ಕಾಯಿಸಲು ಬೇಕಾದುದು ೧೪೫ ಜೌಲ್ ಮಾತ್ರ. ಶಾಖದ ಬಹುಪಾಲು ಎಲೆಗೂ ಮಣ್ಣಿಗೂ ಗಾಜಿಗೂ ಹಂಚಿಹೋಗುವುದು ನಿಜ. ಆದರೂ ಅರ್ಧ ಗಂಟೆಯಲ್ಲಿ ಒಳಗೆ ಕೈಯಿಡಲಾಗದಂತಾಗುತ್ತದೆ. ಬೆಳಕನ್ನು ಒಳಬಿಟ್ಟು ಅವಕೆಂಪು ಕಿರಣಗಳನ್ನು ಹೊರಬಿಡದಿರುವುದರಿಂದ ಗಾಜಿನ ಮನೆ ಕಾಯುತ್ತದೆಂದು ಪುಸ್ತಕಗಳಲ್ಲಿ ಓದುತ್ತೇವೆ. ೧೯೦೯ರಲ್ಲಿ ಅಮೆರಿಕದ ಆರ್. ಡಬ್ಲ್ಯು. ವುಡ್ ಎರಡು ಪೆಟ್ಟಿಗೆಗಳನ್ನು ಮಾಡಿ, ಒಂದಕ್ಕೆ ಗಾಜನ್ನೂ ಇನ್ನೊಂದಕ್ಕೆ ಅವಕೆಂಪು ಕಿರಣಗಳನ್ನು ಸರಾಗವಾಗಿ ಬಿಡುವ ಸೈಂಧವ ಲವಣದ ಹಲಗೆಯನ್ನೂ ಮುಚ್ಚಿ ಬಿಸಿಲಿನಲ್ಲಿಟ್ಟನು. ಎರಡೂ ಹೆಚ್ಚುಕಡಮೆ ಒಂದೇ ಸಮನಾಗಿ ಕಾದುವು! ಇಂಥ ಸಣ್ಣ ಪೆಟ್ಟಿಗೆ ಕಾಯುವುದಕ್ಕೆ ಮುಖ್ಯ ಕಾರಣ ಬಿಸಿಗಾಳಿ ಮೇಲೆದ್ದು ಹೊರಹೋಗಲು ದಾರಿಯಿಲ್ಲದಿರುವುದು. (ವಾಯುಮಂಡಲದ ವಿಷಯ ಬೇರೆ, ಅಲ್ಲಿ ಇಂಗಾಲದ ಡೈಆಕ್ಸೈಡು ಅವಕೆಂಪು ಕಿರಣಗಳನ್ನು ತಡೆಯುವುದೇ ಮುಖ್ಯ. ಎರಡಕ್ಕೂ ಒಂದೇ ಹೆಸರು ಬಂದುದು ದುರದೃಷ್ಟ.)

ಆದುದರಿಂದ ದೀಪವೇ ಕ್ಷೇಮ. ಈ ಅಳತೆಯ ಪೆಟ್ಟಿಗೆಗೆ ೨೦ರಿಂದ ೩೦ ವ್ಯಾಟಿನ ಬಿಳಿಯ ಎಲ್‌ಇಡಿ ದೀಪವನ್ನು ಗಾಜಿನ ಹೊರಗೆ, ಮೇಲ್ಗಡೆ ಇರಿಸಿ ದಿನಕ್ಕೆ ಹನ್ನೆರಡು ಗಂಟೆ ಉರಿಸಬೇಕು. ವಿಷುವದ್ರೇಖೆಯ ಹತ್ತಿರದ ಗಿಡಗಳಿಗೆ ವರ್ಷವೆಲ್ಲ ಹಗಲು ಅಷ್ಟೇ. ಒಳಗಿಟ್ಟರೆ ದೀಪದ ಅಷ್ಟೂ ವ್ಯಾಟು ಕೊನೆಗೆ ಶಾಖವಾಗಿ ಒಳಗೇ ಉಳಿಯುತ್ತದೆ. ಬೆಳಕು ಸಾಕೇ ಎಂಬುದನ್ನು ಗಿಡವೇ ಹೇಳುತ್ತದೆ: ಎಲೆ ಕಡುಹಸುರಾಗಿ ಉದ್ದುದ್ದ ಬೆಳೆದು ಹೂಜಿಯಿಲ್ಲದಿದ್ದರೆ ಸಾಲದು, ಎಳೆಯ ಎಲೆಗಳಲ್ಲಿ ನಸುಗೆಂಪು ಕಾಣಿಸಿದರೆ ಸರಿಯಾಗಿದೆ.

ನೀರಿನ ವಿಷಯದಲ್ಲಿ ಜಿಪುಣತನ ಕೂಡದು. ಕೊಳವೆಬಾವಿಯ ಗಡಸು ನೀರಿನ ಲೀಟರಿನಲ್ಲಿ ೩೦೦ ಮಿಲಿಗ್ರಾಂ ಲವಣವಿದೆಯೆಂದು ಭಾವಿಸಿ. ದಿನಕ್ಕೆ ೨೦ ಗ್ರಾಂ ನೀರು ಆವಿಯಾಗಿ ಹೋದರೆ ವರ್ಷಕ್ಕೆ ಏಳು ಲೀಟರು. ಹೋಗುವುದು ಶುದ್ಧವಾದ ನೀರು, ಲವಣವೆಲ್ಲ ಇಲ್ಲಿಯೇ. ವರ್ಷದ ಕೊನೆಗೆ ಎರಡು ಗ್ರಾಮಿಗೂ ಹೆಚ್ಚು ಲವಣ ಆ ಸಣ್ಣ ಕುಂಡದಲ್ಲಿ ಕೂಡಿಕೊಂಡಿರುತ್ತದೆ. ಮಳೆನೀರು ಅತ್ಯುತ್ತಮ, ಇಲ್ಲದಿದ್ದರೆ ಬಟ್ಟಿಯಿಳಿಸಿದ ನೀರು. ಕುಂಡಕ್ಕೆ ಒಣಗಿಸಿದ ಸ್ಫ್ಯಾಗ್ನಮ್ ಹಾವಸೆಗೆ ಪರ್ಲೈಟಿನ ಹರಳುಗಳನ್ನು ಸಮಭಾಗ ಬೆರೆಸಿ ತುಂಬುವುದು ವಾಡಿಕೆ. ಹಾವಸೆ ತನ್ನ ತೂಕದ ಹಲವು ಪಾಲು ನೀರನ್ನು ಹಿಡಿಯುತ್ತದೆ, ಹರಳು ಬೇರಿಗೆ ಗಾಳಿ ಕೊಡುತ್ತದೆ. ನಮ್ಮಲ್ಲಿ ಅಗ್ಗವಾಗಿ ಸಿಕ್ಕುವ ತೆಂಗಿನ ನಾರಿನ ಹುಡಿಯೂ ಆದೀತು. ಆದರೆ ಅದರಲ್ಲಿ ಉಪ್ಪು ಇರುವುದರಿಂದ ನಾಲ್ಕಾರು ಸಲ ನೆನೆಸಿ ಹಿಂಡಿ ತೊಳೆಯಬೇಕು. ಕುಂಡ ತೇವವಾಗಿರಬೇಕು, ನೀರಿನಲ್ಲಿ ನಿಂತಿರಬಾರದು.

ಇನ್ನು ಯಾವ ಜಾತಿಯನ್ನು ಆರಿಸಬೇಕು? ಎತ್ತರಕ್ಕೆ ಹೋದಂತೆ ಗಾಳಿ ಕಿಲೋಮೀಟರಿಗೆ ಸುಮಾರು ಆರೂವರೆ ಡಿಗ್ರಿಯಂತೆ ತಣ್ಣಗಾಗುತ್ತದೆ. ಕರಾವಳಿಯಲ್ಲಿ ೨೭ ಡಿಗ್ರಿಯಿರುವಾಗ ೨೦೦೦ ಮೀಟರಿನ ಕಾಡಿನಲ್ಲಿ ೧೪. ಆದುದರಿಂದ ಒಂದೇ ದ್ವೀಪದ ತಗ್ಗಿನ ಜಾತಿಗಳಿಗೂ ಬೆಟ್ಟದ ಜಾತಿಗಳಿಗೂ ಬೇಕಾದ ಹವೆ ಬೇರೆ ಬೇರೆ. ಉಷ್ಣವಲಯದ ಗಿಡವೆಂದಮೇಲೆ ಸೆಕೆ ಬೇಕೆಂದೇ ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನ ತೋಟಗಾರರು ಬಹುಕಾಲ ಭಾವಿಸಿದ್ದರು. ಲಂಡನ್ನಿನ ವೀಚ್ ಮನೆತನದ ಸಸಿತೋಟದವರು ೧೮೭೭ರಲ್ಲಿ ಬೋರ್ನಿಯೋಕ್ಕೆ ಜನ ಕಳುಹಿಸಿ ರಾಜಾ ಹೂಜಿಗಿಡವನ್ನು ತರಿಸಿದರು. ಅದನ್ನು ಉಳಿಸಿಕೊಳ್ಳುವುದು ಮಾತ್ರ ಬಲು ಕಷ್ಟವಾಯಿತು. ಬೆಟ್ಟದ ಗಿಡಕ್ಕೆ ಪ್ರತಿ ರಾತ್ರಿಯೂ ೧೨ರಿಂದ ೧೫ ಡಿಗ್ರಿಯ ತಂಪು ಬೇಕು. ಸುಮಾರು ೯೦೦ ಮೀಟರು ಎತ್ತರದ ಬೆಂಗಳೂರಿನಲ್ಲಿಯೂ ಇದು ಡಿಸೆಂಬರು ಜನವರಿಗಳಲ್ಲಿ ಕೆಲವು ರಾತ್ರಿ ಮಾತ್ರ. ಶೀತಕಯಂತ್ರಕ್ಕೆ ಹಣ ಸುರಿಯಬಲ್ಲವರು ಪ್ರಯತ್ನಿಸಲಿ. ವಿದ್ಯಾರ್ಥಿಗಳಿಗೆ ನಾನು ಅದನ್ನು ಹೇಳಲಾರೆ. ತರಗೆಲೆ ತಿನ್ನುವ ಆಂಪುಲೇರಿಯ ತಗ್ಗಿನ ಜಾತಿ, ಸೆಕೆಯಲ್ಲಿ ಸುಖವಾಗಿರುತ್ತದೆ. ಸಸಿತೋಟಗಳಲ್ಲಿ ಸಾಮಾನ್ಯವಾಗಿ ಸಿಕ್ಕುವುದು ವೆಂಟ್ರಾಟ ಎಂಬ ಮಿಶ್ರತಳಿ. ಅದು ಎರಡು ಹವೆಗೂ ಹೊಂದಿಕೊಳ್ಳುವ ಗಟ್ಟಿ ಗಿಡ. ಮೊದಲ ಸಲಕ್ಕೆ ಅದೇ ಸರಿ.

ನಮ್ಮದೇ ಖಾಸಿಯಾನವನ್ನು ಏಕೆ ಬೆಳೆಸಬಾರದೆಂದು ಹಲವರು ಕೇಳುತ್ತಾರೆ. ಕಲ್ಲಿದ್ದಲಿನ ಗಣಿ, ಕಾಡಿನ ನಾಶ, ಗಿಡಗಳ್ಳರು, ಇವುಗಳಿಂದ ಅದರ ನೆಲೆಗಳು ಕುಗ್ಗುತ್ತಿವೆ. ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಿತ ಸಸ್ಯಗಳ ಪಟ್ಟಿಯಲ್ಲಿ ಅದರ ಹೆಸರಿದೆ. ಕಾಡಿನಿಂದ ಕೀಳುವುದಷ್ಟೇ ಅಲ್ಲ, ಅನುಮತಿಯಿಲ್ಲದೆ ಬೆಳೆಸುವುದೂ ಮಾರುವುದೂ ಅಪರಾಧ. ಅಂತರರಾಷ್ಟ್ರೀಯ ವ್ಯಾಪಾರಕ್ಕೂ ಅತ್ಯಂತ ಕಟ್ಟುನಿಟ್ಟಾದ ನಿರ್ಬಂಧವಿದೆ. ದಕ್ಷಿಣ ಗಾರೋ ಬೆಟ್ಟಗಳ ಬಾಘ್‌ಮಾರದಲ್ಲಿ ಅದಕ್ಕಾಗಿಯೇ ಒಂದು ರಕ್ಷಿತಧಾಮವಿದೆ. ನೋಡಬೇಕೆಂಬ ಆಸೆಯುಳ್ಳವರು ಅಲ್ಲಿಗೆ ಹೋಗಿ ನೋಡುವುದೇ ನ್ಯಾಯ. ಬೇರೆ ಜಾತಿಗಳನ್ನು ಕೊಳ್ಳುವಾಗಲೂ ಬೀಜದಿಂದ, ಕಡ್ಡಿಯಿಂದ ಇಲ್ಲವೆ ಪ್ರಯೋಗಶಾಲೆಯ ಊತಕದಿಂದ ಬೆಳೆಸಿದುದೇ ಎಂದು ವಿಚಾರಿಸಬೇಕು. ಬೇರಿನಲ್ಲಿ ಕಾಡಿನ ಮಣ್ಣು ಅಂಟಿದ ದೊಡ್ಡ ಗಿಡ ಅಗ್ಗವಾಗಿ ಸಿಕ್ಕಿದರೆ ಸಂಶಯಪಡುವುದಕ್ಕೆ ಕಾರಣವುಂಟು.

ಹೊಸ ಗಿಡವನ್ನು ಪೆಟ್ಟಿಗೆಯಲ್ಲಿಟ್ಟ ಮೊದಲ ವಾರಗಳಲ್ಲಿ ಹಳೆಯ ಹೂಜಿಗಳು ಒಣಗಿದರೆ ಗಾಬರಿಯಾಗಬೇಕಾಗಿಲ್ಲ. ಹೊಸ ಎಲೆಗಳತ್ತ ಗಮನವಿರಲಿ. ಹವೆ ಒಗ್ಗಿದರೆ ಎಲೆಯ ತುದಿಯ ಬಳ್ಳಿ ಬಾಗಿ, ಅದರ ಕೊನೆ ಮೇಲಕ್ಕೆ ತಿರುಗಿ, ಚಪ್ಪಟೆಯಾದ ಸಣ್ಣ ಚೀಲದಂತೆ ಕಾಣುತ್ತದೆ. ವಾರಗಳಲ್ಲಿ ಅದು ಗಾಳಿ ತುಂಬಿದಂತೆ ಉಬ್ಬುತ್ತದೆ. ಮುಚ್ಚಳ ತೆರೆಯುವುದಕ್ಕೆ ಮುಂಚೆಯೇ ಒಳಗೆ ದ್ರವವಿರುತ್ತದೆ. ದೀಪಕ್ಕೆದುರಾಗಿ ನೋಡಿದರೆ ಅದರ ಮಟ್ಟ ನೆರಳಿನಂತೆ ಕಾಣಿಸುತ್ತದೆ. ತೆರೆದ ಮೇಲೆ ಹದಿನೈದು ದಿನಕ್ಕೊಮ್ಮೆ ಒಂದೆರಡು ಇರುವೆ ಹಾಕಿದರೆ ಸಾಕು. ಅಡಿಗೆಮನೆಯ ಮಾಂಸದ ಚೂರು, ಅನ್ನ, ಹಾಲು ಇವೆಲ್ಲ ಕೊಳೆತು ಹೂಜಿಯನ್ನೇ ಕೊಲ್ಲುತ್ತವೆ; ಹೂಕರನಿಗೆ ಅದು ಪ್ರಯೋಗವಾಗಿತ್ತು, ನಮಗೆ ಅಗತ್ಯವಿಲ್ಲ.

ಹೂಜಿಯೊಂದು ತೆರೆದು ನಾಲ್ಕಾರು ದಿನಗಳಾದ ಮೇಲೆ ವಿದ್ಯಾರ್ಥಿಗಳು ಮಾಡಬಹುದಾದ ಒಂದು ಪರೀಕ್ಷೆಯುಂಟು. ಪೆಟ್ಟಿಗೆಯ ಮುಚ್ಚಳವನ್ನು ಒಂದೆರಡು ಗಂಟೆ ಪೂರ್ತಿ ತೆಗೆದಿಟ್ಟು, ಬಾಯಂಚು ಒಣಗಿದ ಮೇಲೆ ಒಂದು ಇರುವೆಯನ್ನು ಕಡ್ಡಿಯಿಂದ ಅದರ ಮೇಲೆ ಬಿಡಿ. ಅದು ಎಷ್ಟು ಹೊತ್ತು ಓಡಾಡುತ್ತದೆಂದು ಗಡಿಯಾರ ನೋಡಿ ಬರೆದುಕೊಳ್ಳಿ. ಹತ್ತು ಇರುವೆಗಳಿಂದ ಹೀಗೆ ಮಾಡಿ. ಆಮೇಲೆ ಮುಚ್ಚಳ ಹಾಕಿ, ಮರುದಿನ ಬೆಳಗ್ಗೆ ಆರ್ದ್ರತೆ ೯೦ರ ಸುತ್ತ ಇರುವಾಗ, ಒಂದು ಹನಿ ಮಳೆನೀರನ್ನು ಅಂಚಿಗೆ ತಾಗಿಸಿ ಅದು ಹರಡುವುದನ್ನು ಭೂತಗನ್ನಡಿಯಿಂದ ನೋಡಿ, ಮತ್ತೆ ಹತ್ತು ಇರುವೆಗಳನ್ನು ಒಂದೊಂದಾಗಿ ಬಿಡಿ. ಈ ಸಲ ಗಡಿಯಾರವನ್ನು ನೋಡುವಷ್ಟು ಅವಕಾಶ ಸಿಕ್ಕುವುದು ಅಪರೂಪ. ಬೀಳದೆ ಉಳಿದ ಇರುವೆಗಳನ್ನು ಹಿಡಿದು ಹೊರಗೆ ಬಿಟ್ಟುಬಿಡಿ. ಒಂದೇ ಹೂಜಿಗೆ ಹತ್ತಕ್ಕಿಂತ ಹೆಚ್ಚು ಒಮ್ಮೆಗೇ ಬಿದ್ದರೆ ಜೀರ್ಣವಾಗದೆ ನಾರುತ್ತವೆ.